ಪ್ವೆಬ್ಲೊ ಜನರ ಮಣ್ಣಿನ ಬೊಂಬೆಗಳೂ ಅವುಗಳ ಸಂಗ್ರಹವೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನೈರುತ್ಯ ಭಾಗದಲ್ಲಿ ನ್ಯೂ ಮೆಕ್ಸಿಕೊ, ಆರಿಜೋನಾ ಎಂಬ ಎರಡು ಸೀಮೆಗಳುಂಟು. ಅಲ್ಲಿ ಮಳೆ ಅಲ್ಪ, ನೆಲ ಒರಟು. ಐರೋಪ್ಯರು ಆ ಖಂಡಕ್ಕೆ ಬರುವುದಕ್ಕೆ ಅನೇಕ ಶತಮಾನಗಳ ಮೊದಲಿನಿಂದಲೂ ಈ ಭೂಮಿಯಲ್ಲಿ ಮಣ್ಣಿನಿಂದಲೂ ಕಲ್ಲಿನಿಂದಲೂ ಒತ್ತೊತ್ತಾಗಿ ಮನೆಗಳನ್ನು ಕಟ್ಟಿಕೊಂಡು, ಮುಸುಕಿನ ಜೋಳವನ್ನು ಬೆಳೆದು ಜೀವಿಸುತ್ತಿದ್ದ ಜನರನ್ನು ಸ್ಪೇನಿನವರು 'ಪ್ವೆಬ್ಲೊ' ಜನರೆಂದು ಕರೆದರು. ಆ ಮಾತಿಗೆ ಅವರ ಭಾಷೆಯಲ್ಲಿ ಹಳ್ಳಿ ಎಂದಷ್ಟೇ ಅರ್ಥ. ಇಂದು ನ್ಯೂ ಮೆಕ್ಸಿಕೊದಲ್ಲಿ ಇಂಥ 19 ಪ್ವೆಬ್ಲೊಗಳೂ, ಆರಿಜೋನಾದಲ್ಲಿ ಹೋಪಿ ಜನರ ಗ್ರಾಮಗಳೂ ಇವೆ. ಹೆಸರು ಒಂದಾದರೂ ಇವರು ಏಕಭಾಷೆಯವರಲ್ಲ. ಕೋಚಿಟಿ, ಸಾಂಟೊ ಡೊಮಿಂಗೊ, ಆಕೊಮಾ ಗ್ರಾಮದವರದು ಕೇರೆಸ್ ನುಡಿ; ತೆಸೂಕೆ, ಸಾಂಟಾ ಕ್ಲಾರಾ ಗ್ರಾಮದವರದು ತೇವಾ; ಝೂನಿ ಜನರ ನುಡಿಗಾದರೋ ಬೇರೆ ಯಾವ ನುಡಿಯೊಡನೆಯೂ ಬಾಂಧವ್ಯ ನಿಶ್ಚಿತವಾಗಿಲ್ಲ.

ಈ ಜನರ ಮಡಕೆಗಳು ಲೋಕಪ್ರಸಿದ್ಧವಾಗಿವೆ. ಅವರೇ ಮಾಡುವ ಮಣ್ಣಿನ ಬೊಂಬೆಗಳಿಗೆ ಆ ಗೌರವವು ಬಹುಕಾಲ ಸಲ್ಲಲಿಲ್ಲ. ಒಂದೇ ವಸ್ತುವನ್ನು ಒಬ್ಬರು ದೇವರೆಂದು ಕೊಂಡರು, ಒಬ್ಬರು ಆಟಿಕೆಯೆಂದು ಹಂಚಿದರು, ಒಬ್ಬರು ಕಲೆಯ ಅವನತಿಯೆಂದು ಹಳಿದರು; ಅನಂತರ ಬಂದವರು ಅದನ್ನೇ ಅತ್ಯುತ್ತಮ ಶಿಲ್ಪವೆಂದು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಬೊಂಬೆಯನ್ನು ಮಾಡಿದವಳ ಅಭಿಪ್ರಾಯವನ್ನು ಕೇಳಿದವರು ಕಡಮೆ. ಆದುದರಿಂದ ಇವುಗಳ ಸಂಗ್ರಹದ ಚರಿತ್ರೆಯು ಮುಖ್ಯವಾಗಿ ಹೆಸರಿಡುವಿಕೆಯ ಚರಿತ್ರೆಯಾಗಿದೆ. ಕನ್ನಡದಲ್ಲಿ ಇವನ್ನು ಏನೆಂದು ಕರೆಯತಕ್ಕದ್ದೆಂಬುದೂ ಸುಲಭವಾದ ಪ್ರಶ್ನೆಯಲ್ಲ. 'ವಿಗ್ರಹ'ವೆಂದರೆ ಪೂಜೆಯು ಹಿಂಬಾಲಿಸುತ್ತದೆ. 'ಪ್ರತಿಮೆ'ಯೆಂದರೆ ಪ್ರತಿಷ್ಠೆಯ ಸ್ಮರಣೆ ಬರುತ್ತದೆ. ಮುಂದೆ ಕಾಣುವ ಕಾರಣಗಳಿಂದ 'ಬೊಂಬೆ' ಎಂಬ ನಿರಪಾಯವಾದ ದೇಶ್ಯಪದವನ್ನೇ ಇಲ್ಲಿ ಬಳಸಿದೆ.

ಮೊದಲು ಇವುಗಳ ರಚನಾಕ್ರಮವನ್ನು ತಿಳಿಯತಕ್ಕದ್ದು. ಪ್ವೆಬ್ಲೊ ಜನರು ಕುಂಬಾರನ ತಿಗರಿಯನ್ನು ಬಳಸುವುದಿಲ್ಲ. ಈ ಕೆಲಸವು ಪರಂಪರೆಯಿಂದ ಬಹುಮಟ್ಟಿಗೆ ಹೆಂಗಸರದು. ಆಯಾ ಗ್ರಾಮದ ಸುತ್ತಿನ ಗೊತ್ತಾದ ತಾಣಗಳಿಂದ ಜೇಡಿಮಣ್ಣನ್ನು ತರುವರು. ಮಣ್ಣು ಅವರಿಗೆ ತಾಯಿ. ಅಗೆಯುವುದಕ್ಕೆ ಮೊದಲು ಪ್ರಾರ್ಥನೆ ಸಲ್ಲುತ್ತದೆ. ತಂದ ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿಯಾಡಿ, ನೆನೆಯಿಸಿ, ಬಿರಿಯದಂತೆ ಮರಳನ್ನಾಗಲಿ ಜ್ವಾಲಾಮುಖಿಯ ಬೂದಿಯನ್ನಾಗಲಿ ಬೆರಸಿ ಹದಮಾಡುವರು. ದೊಡ್ಡ ಬೊಂಬೆಯ ಒಡಲು ಟೊಳ್ಳಾಗಿರಲೇಬೇಕು. ದಪ್ಪನೆಯ ಮುದ್ದೆಯಾಗಿದ್ದರೆ ಒಳಗೆ ಉಳಿದ ತೇವವು ಬೆಂಕಿಯಲ್ಲಿ ಆವಿಯಾಗಿ ಬೊಂಬೆಯನ್ನು ಒಡೆದುಬಿಡುತ್ತದೆ. ಆದುದರಿಂದ ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಸುತ್ತಿ, ಒಳಹೊರಗನ್ನು ನಯಮಾಡಿ, ಕೈಕಾಲುಗಳನ್ನೂ ತಲೆಯನ್ನೂ ಬಳಿಕ ಕೂಡಿಸುವರು. ಒಣಗಿದ ಮೇಲೆ ಬಿಳಿಯ ಮಣ್ಣಿನ ತಿಳಿಯನ್ನು ಪದರಪದರವಾಗಿ ಲೇಪಿಸಿ ಉಜ್ಜುವರು. ಕೆಂಪಿಗೆ ಕಾವಿಮಣ್ಣು, ಕಪ್ಪಿಗೆ, ಸ್ಪ್ಯಾನಿಷಿನಲ್ಲಿ 'ಗ್ವಾಕೊ' ಎಂದು ಕರೆಯುವ ಒಂದು ಕಾಡುಗಿಡವನ್ನು ಬಹಳ ಹೊತ್ತು ಕುದಿಸಿ ಬತ್ತಿಸಿದ ರಸ. ಕೊನೆಗೆ ಆವಿಗೆಯಿಲ್ಲದೆ ಬಯಲಿನಲ್ಲಿಯೇ, ಸೌದೆಯನ್ನೂ ದನದ ಬೆರಣಿಯನ್ನೂ ಸುತ್ತಲೂ ಪೇರಿಸಿ ಸುಡುವರು. ಗಾಳಿಯು ದಿಕ್ಕು ತಪ್ಪಿ ಬೀಸಿದರೆ ಹೊಗೆಯ ಕಲೆ ಕೂರುತ್ತದೆ. ತಿಂಗಳುಗಟ್ಟಲೆ ಪಟ್ಟ ಶ್ರಮವು ಒಂದು ಗಳಿಗೆಯಲ್ಲಿ ಒಡೆದು ಹೋಗುವುದೂ ಉಂಟು.

ಈ ಕಲೆಯು ಅರ್ವಾಚೀನವಾದುದಲ್ಲ. ಇವರ ಪೂರ್ವಜರ ಹಾಳೂರುಗಳಲ್ಲಿ ಸುಡದ ಮಣ್ಣಿನ ಸಣ್ಣ ಮನುಷ್ಯಾಕೃತಿಗಳೂ, ಪ್ರಾಣಿಪಕ್ಷಿಗಳ ರೂಪದ ಪಾತ್ರೆಗಳೂ ದೊರೆತಿವೆ. 1598ರಲ್ಲಿ ಸ್ಪೇನಿನವರು ಇಲ್ಲಿ ನೆಲಸಿದ ಮೇಲೆ ಕ್ರೈಸ್ತ ಪಾದ್ರಿಗಳ ದೃಷ್ಟಿಯಲ್ಲಿ ಆಕೃತಿಯುಳ್ಳ ವಸ್ತುವೆಲ್ಲವೂ ಪಿಶಾಚಾರಾಧನೆಯ ಸಾಧನವಾಯಿತು. 1661ರಲ್ಲಿ ಪವಿತ್ರ ನೃತ್ಯಗಳನ್ನು ನಿಷೇಧಿಸಿ ಮುಖವಾಡಗಳನ್ನು ನಾಶಮಾಡಿದರು. ಇದಕ್ಕೂ ಇಂಥ ಇತರ ಪೀಡೆಗಳಿಗೂ ಉತ್ತರವಾಗಿ 1680ರಲ್ಲಿ ಪ್ವೆಬ್ಲೊ ಜನರೆಲ್ಲ ಕೂಡಿ ದಂಗೆಯೆದ್ದು ಸ್ಪೇನಿನವರನ್ನು ಹೊರಗಟ್ಟಿದರು. 12 ವರ್ಷಗಳ ಬಳಿಕ ಅವರು ಮತ್ತೆ ಬಂದರು. ಈ ಕಾಲದಲ್ಲಿ ಜನರು ಕಲಿತುಕೊಂಡ ಪಾಠವೊಂದುಂಟು: ಪವಿತ್ರವಾದುದನ್ನು ಪರರ ಕಣ್ಣಿಗೆ ಬೀಳಿಸಬಾರದು. ಇಂದಿಗೂ ಅವರು ಅದನ್ನು ಬಿಟ್ಟಿಲ್ಲ. ಸಂಗ್ರಾಹಕರ ಕೈಗೆ ಯಾವುದು ಸುಲಭವಾಗಿ ಬಂದಿತೋ ಅದು ಪವಿತ್ರವಲ್ಲದೆ ಇರುವ ಸಂಭವವೇ ಹೆಚ್ಚೆಂಬುದು ಇದರಿಂದ ಊಹ್ಯವಾಗಿದೆ. ವಿಧಿಗೆ ಸೇರಿದ ಮಣ್ಣಿನ ಆಕೃತಿಗಳು ಇಲ್ಲವೆಂದಲ್ಲ. ಝೂನಿ ಜನರು ಮಕರಾಯಣದ ಕಾಲದಲ್ಲಿ, ತಮಗೆ ವೃದ್ಧಿಯಾಗಬೇಕಾದ ಕುರಿ ಮೊದಲಾದವುಗಳ ಪ್ರತಿರೂಪಗಳನ್ನು ಮಣ್ಣಿನಲ್ಲಿ ಮಾಡಿಡುವ ಪದ್ಧತಿಯನ್ನು ಎಲ್ಸಿ ಕ್ಲೂಸ್ ಪಾರ್ಸನ್ಸ್ ಎಂಬ ವಿದುಷಿ 1919ರಲ್ಲಿ ವರ್ಣಿಸಿದ್ದಾರೆ. ಆದರೆ ಅವು ಅಂಗಡಿಗೆ ಬಂದ ಬೊಂಬೆಗಳಲ್ಲ.

ಅಂಗಡಿಗೆ ಬಂದುದು 'ಮಳೆಯ ದೇವರು'. ಇದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಯುಕ್ತ. 1880ರಲ್ಲಿ ರೈಲುದಾರಿಯು ಸಾಂಟಾ ಫೇ ನಗರವನ್ನು ಮುಟ್ಟಿತು. ಪೂರ್ವದ ನಗರಗಳಿಂದ ಪ್ರವಾಸಿಗಳು ಬರತೊಡಗಿದರು. ಅವರಿಗೆ ಕೈಯಲ್ಲಿ ಹಿಡಿದೊಯ್ಯಬಹುದಾದ, ಒಡೆಯದ, ಅಗ್ಗವಾದ ನೆನಪಿನ ವಸ್ತು ಬೇಕಾಗಿತ್ತು. ದೊಡ್ಡ ನೀರಿನ ಕೊಡವು ಇದಾವುದಕ್ಕೂ ಒದಗದು. ಸಾಂಟಾ ಫೇಯಲ್ಲಿ ಜೇಕ್ ಗೋಲ್ಡ್ ಎಂಬ ವ್ಯಾಪಾರಿಯು ತನ್ನ ಅಂಗಡಿಗೆ 'ಉಚಿತ ವಸ್ತುಪ್ರದರ್ಶನಶಾಲೆ' ಎಂಬ ಹೆಸರನ್ನಿಟ್ಟು, ಹತ್ತಿರದ ತೆಸೂಕೆ ಗ್ರಾಮದ ಹೆಂಗಸರಿಂದ ಸಣ್ಣ ಬೊಂಬೆಗಳನ್ನು ರಾಶಿರಾಶಿಯಾಗಿ ಕೊಂಡು ಮಾರುತ್ತಿದ್ದನು. ಬೊಂಬೆಯ ಲಕ್ಷಣ ಹೀಗೆ: ಕಾಲು ಮುಂದಕ್ಕೆ ಚಾಚಿ ಕುಳಿತ ಮನುಷ್ಯಾಕೃತಿ, ತೊಡೆಯ ಮೇಲೆ ಒಂದು ಗಡಿಗೆ, ಕೆಲವದರಲ್ಲಿ ಕೈಗಳು ಗಡಿಗೆಯನ್ನು ಹಿಡಿದಿರುವುವು, ಕೆಲವದರಲ್ಲಿ ಮುಖವನ್ನು ಮುಟ್ಟಿರುವುವು. ಇದಕ್ಕೆ ವ್ಯಾಪಾರಿಗಳು 'ಮಳೆಯ ದೇವರು' ಎಂದು ಹೆಸರು ಕಟ್ಟಿದರು. ತೆಸೂಕೆ ಗ್ರಾಮದಲ್ಲಿ ಇದನ್ನು ದೇವರೆಂದು ಪೂಜಿಸಿದವರಿಲ್ಲ, ಇದರ ಮುಂದೆ ಮಳೆಯನ್ನು ಬೇಡಿದವರೂ ಇಲ್ಲ. ಆದರೆ ಮಳೆಗಾಗಿ ಹಂಬಲಿಸುವ ದೇಶದಲ್ಲಿ ಗಡಿಗೆ ಹಿಡಿದ ಬೊಂಬೆಗೆ ಈ ಹೆಸರು ಒಪ್ಪಿತು; ದೇವರೆಂಬ ಮಾತಿನಿಂದ ಬೆಲೆ ಬಂದಿತು. 20ನೆಯ ಶತಮಾನದ ಆದಿಯಲ್ಲಿ ಶಿಕಾಗೋ ನಗರದ ಗುಂಥರ್ ಎಂಬ ಮಿಠಾಯಿಯ ವರ್ತಕಸಂಸ್ಥೆಯು ತನ್ನ ಮಿಠಾಯಿಯೊಡನೆ ಈ ದೇವರನ್ನು ಕೊಡುಗೆಯಾಗಿ ಕೊಡುತ್ತಿತ್ತು. ದೇವರ ಹೆಸರಿನಿಂದ ಮಿಠಾಯಿ ಮಾರಾಟವಾದುದು ಜಗತ್ತಿನಲ್ಲಿ ಇದೇ ಮೊದಲಲ್ಲವಷ್ಟೆ! ಬೊಂಬೆಯನ್ನು ಮಾಡಿದವರಿಗೆ ದೊರೆತುದು ಕೆಲವೇ ಸೆಂಟುಗಳು. ಆದರೂ ಬೇಸಾಯವು ಕೈಕೊಟ್ಟ ವರ್ಷಗಳಲ್ಲಿ ಆ ಸೆಂಟುಗಳೇ ಅನೇಕ ಮನೆಗಳನ್ನು ನಡೆಸಿದುವೆಂಬುದನ್ನು ಮರೆಯಬಾರದು.

ವಿದ್ವಾಂಸರು ಇದನ್ನು ಹೇಗೆ ಕಂಡರು? ವಿಲಿಯಂ ಹೆನ್ರಿ ಹೋಮ್ಸ್ ಎಂಬ ಪ್ರಸಿದ್ಧ ಪುರಾತತ್ತ್ವಜ್ಞನು 1889ರಲ್ಲಿ ಮಾನವಶಾಸ್ತ್ರದ ಪತ್ರಿಕೆಯೊಂದರಲ್ಲಿ, ಪ್ವೆಬ್ಲೊ ಕಲೆಯ ಅಧೋಗತಿ ಎಂಬ ಅರ್ಥದ ತಲೆಬರೆಹವನ್ನಿಟ್ಟು ಒಂದು ಕಿರುಬರೆಹವನ್ನು ಪ್ರಕಟಿಸಿದನು. ಪ್ರವಾಸಿಗಳ ಸಲುವಾಗಿ ಮಾಡಿದ ಈ ವಸ್ತುಗಳು ವಸ್ತುಸಂಗ್ರಹಾಲಯಕ್ಕೆ ಅರ್ಹವಲ್ಲವೆಂಬುದೇ ಅವನ ಅಭಿಪ್ರಾಯದ ಸಾರ. ಅವನ ಆತಂಕವು ನಿರಾಧಾರವೇನೂ ಅಲ್ಲ. ಅವಸರದಲ್ಲಿ ಮಾಡಿದ ಕೆಟ್ಟ ಕೆಲಸವು ಆಗ ಧಾರಾಳವಾಗಿತ್ತು. ಆದರೆ ಕೆಟ್ಟ ಕೆಲಸವೆನ್ನುವುದು ಬೇರೆ, ಬೊಂಬೆಯ ಜಾತಿಯೇ ಕೀಳೆನ್ನುವುದು ಬೇರೆ. ಸ್ಮಿತ್‌ಸೋನಿಯನ್ ಸಂಸ್ಥೆಯ ಪರವಾಗಿ ಜೇಮ್ಸ್ ಸ್ಟೀವನ್‌ಸನ್ ಎಂಬುವನು 1879ರಲ್ಲಿಯೇ, ಎಂದರೆ ರೈಲು ಸಾಂಟಾ ಫೇಗೆ ಬರುವುದಕ್ಕೆ ಮುಂಚೆಯೇ, ಝೂನಿ ಮೊದಲಾದ ಗ್ರಾಮಗಳಿಂದ ಕೂಡಿಹಾಕಿದ ವಸ್ತುಗಳಲ್ಲಿ ಪ್ರಾಣಿಪಕ್ಷಿಗಳ ಆಕಾರದವು ಸೇರಿವೆ. 1883ರಲ್ಲಿ ಅಚ್ಚಾದ ಅವನ ಸಚಿತ್ರ ಪಟ್ಟಿಯೇ ಇದಕ್ಕೆ ಸಾಕ್ಷಿ. ಆದುದರಿಂದ ಪ್ರವಾಸಿಯು ಬೊಂಬೆಯನ್ನು ಹುಟ್ಟಿಸಲಿಲ್ಲ. ಅದರ ವೇಷವನ್ನೂ ಸಂಖ್ಯೆಯನ್ನೂ ಬದಲಾಯಿಸಿದನು.

ಈ ಮಾತಿಗೆ ಕೋಚಿಟಿಯ 'ಮೋನೊ'ಗಳು ಇನ್ನೂ ಉತ್ತಮವಾದ ನಿದರ್ಶನ. ಕೋಚಿಟಿಯು ರಿಯೋ ಗ್ರಾಂಡೆ ನದಿಯ ದಡದಲ್ಲಿ, ಸಾಂಟಾ ಫೇಗೆ ನೈರುತ್ಯದಲ್ಲಿರುವ ಗ್ರಾಮ. 1880ರ ದಶಕದಿಂದ ಮುಂದಕ್ಕೆ ಅಲ್ಲಿಯ ಕುಂಬಾರಗಿತ್ತಿಯರು ನಿಂತ ಭಂಗಿಯ ದೊಡ್ಡ ಬೊಂಬೆಗಳನ್ನು ಮಾಡತೊಡಗಿದರು. ಅವು ಪ್ವೆಬ್ಲೊ ಜನರ ರೂಪಗಳಲ್ಲ, ಹೊರಗಿನವರ ರೂಪಗಳು. ಟೋಪಿಯಿಟ್ಟ ವ್ಯಾಪಾರಿ, ನಿಲುವಂಗಿಯ ಪಾದ್ರಿ, ದನಗಾಹಿ, ಬಾಯಿ ತೆರೆದು ಹಾಡುವ ನಾಟಕದ ಗಾಯಕ, ಸರ್ಕಸ್ಸಿನಲ್ಲಿ ಕಂಡ ಎರಡು ತಲೆಯ ಮನುಷ್ಯ ಮುಂತಾದವರೆಲ್ಲ ಬಿಳಿಯ ಲೇಪದ ಮೇಲೆ ಕಪ್ಪು ಗೆರೆಗಳಲ್ಲಿ ಮೂಡಿಬಂದರು. 'ಮೋನೊ' ಎಂಬ ಸ್ಪ್ಯಾನಿಷ್ ಶಬ್ದಕ್ಕೆ ಕೋತಿ, ಬೊಂಬೆ, ಅಣಕಿಸುವವನು ಎಂಬ ಅರ್ಥಗಳೆಲ್ಲ ಸಲ್ಲುತ್ತವೆ. ಈ ಶ್ಲೇಷವು ಇಲ್ಲಿ ಚೆನ್ನಾಗಿ ಹೊಂದಿಕೊಂಡಿದೆ. ಪ್ವೆಬ್ಲೊ ಗ್ರಾಮಗಳ ಉತ್ಸವಗಳಲ್ಲಿ, ಕೇರೆಸ್ ನುಡಿಯವರು 'ಕೊಶಾರೆ' ಎಂದು ಕರೆಯುವ ವಿದೂಷಕರು ಮೈಗೆ ಬಿಳಿಕಪ್ಪು ಪಟ್ಟೆಗಳನ್ನು ಬಳಿದುಕೊಂಡು ಬಂದು, ಪರಕೀಯರ ನಡೆನುಡಿಗಳನ್ನು ಅಣಕಿಸುವುದುಂಟು. ಅದು ಕೇವಲ ಹಾಸ್ಯವಲ್ಲ, ವಿಧಿಯ ಅಂಗ. ಸಂಸ್ಕೃತ ನಾಟಕದ ವಿದೂಷಕನಿಗೆ ಅರಸನನ್ನು ನಗಲು ಪರವಾನೆಯಿರುವಂತೆ ಇವರಿಗೂ ಉಂಟು. ಮೋನೊಗಳನ್ನು ಈ ಅಣಕದ ಮಣ್ಣಿನ ರೂಪವೆಂದು ಬಾರ್ಬರಾ ಬ್ಯಾಬ್‌ಕಾಕ್ ಮೊದಲಾದ ವಿದ್ವಾಂಸರು ವಿವರಿಸಿದ್ದಾರೆ. ಅದು ಅಂಗೀಕಾರಯೋಗ್ಯವೆಂದು ತೋರುತ್ತದೆ. ಹಾಗಾದರೆ ಇಲ್ಲಿ ವಿಚಿತ್ರವಾದ ವಿಪರ್ಯಾಸವೊಂದುಂಟು. ಪ್ರವಾಸಿಯು ಇಂಡಿಯನರ ಕುತೂಹಲದ ವಸ್ತುವೊಂದನ್ನು ಕೊಂಡೆನೆಂದು ಹಿಗ್ಗಿ ಮನೆಗೆ ಹೋದನು; ಅವನು ಕೊಂಡೊಯ್ದುದು ತನ್ನದೇ ಅಣಕವನ್ನು. ಬೊಂಬೆಯ ಅರ್ಥವು ತಿಳಿಯದೆ ಇದ್ದುದರಿಂದಲೇ ಅದನ್ನು ಜೋಕೆಯಾಗಿ ಇಟ್ಟವರೂ ಕಡಮೆಯಾದರು. ಉಳಿದ ಮೋನೊಗಳು ಇಂದು ವಿರಳ.

1922ರಲ್ಲಿ ಸಾಂಟಾ ಫೇ ನಗರದಲ್ಲಿ ಅಲ್ಲಿಯ ವಸ್ತುಸಂಗ್ರಹಾಲಯದವರು ಮೂಲನಿವಾಸಿಗಳ ಕರಕುಶಲ ವಸ್ತುಗಳ ವಾರ್ಷಿಕ ಜಾತ್ರೆಯನ್ನು ಆರಂಭಿಸಿ, ಹಳೆಯ ಮಾದರಿಯ ಉತ್ತಮ ಮಡಕೆಗಳಿಗೆ ಬಹುಮಾನಗಳನ್ನಿತ್ತರು. ಮಡಕೆಯ ಕಲೆಯು ಇದರಿಂದ ಚೇತರಿಸಿಕೊಂಡಿತು. ಸಾನ್ ಇಲ್ಡೆಫೋನ್ಸೊ ಗ್ರಾಮದ ಮರಿಯಾ ಮಾರ್ಟಿನೆಸ್ ಎಂಬಾಕೆಯ ಕಪ್ಪು ಮಡಕೆಗಳು ಖ್ಯಾತಿಗೆ ಬಂದುದೂ, ಮಡಕೆಯ ತಳದಲ್ಲಿ ಮಾಡಿದವರ ಹೆಸರನ್ನು ಬರೆಯುವ ರೂಢಿಯು ಬೇರೂರಿದುದೂ ಈ ಕಾಲದಲ್ಲಿಯೇ. ಬೊಂಬೆಯು ಮಾತ್ರ ಪ್ರವಾಸಿಯ ಸರಕೆಂಬ ಕಳಂಕವನ್ನು ಹೊತ್ತು ಹೊರಗುಳಿಯಿತು. ತೆಸೂಕೆಯಲ್ಲಿ ಮಳೆಯ ದೇವರುಗಳಿಗೆ ಸುಟ್ಟ ಮೇಲೆ ಅಂಗಡಿಯ ಗಾಢಬಣ್ಣಗಳನ್ನು ಬಳಿಯತೊಡಗಿದರು. ಕೋಚಿಟಿಯಲ್ಲಿ ಮಡಿಲಲ್ಲಿ ಕೂಸನ್ನಿಟ್ಟುಕೊಂಡು ಬಾಯಿ ತೆರೆದ 'ಹಾಡುವ ತಾಯಿ' ಎಂಬ ಬೊಂಬೆಯನ್ನು ಕೆಲವರು ಮಾಡುತ್ತ ಬಂದರು.

ಈ ಹಾಡುವ ತಾಯಿಯಿಂದಲೇ 1964ರಲ್ಲಿ 'ಕಥೆಗಾರ'ನು ಹುಟ್ಟಿದನು. ಕೋಚಿಟಿಯ ಹೆಲನ್ ಕಾರ್ಡೆರೊ (1915-1994) ಎಂಬಾಕೆ ಮೊದಲು ತೊಗಲಿನ ಮತ್ತು ಮಣಿಯ ಕೆಲಸವನ್ನು ಮಾಡುತ್ತಿದ್ದರು. ನಡುವಯಸ್ಸಿನಲ್ಲಿ ಪತಿಯ ಬಂಧುವಾದ ಹ್ವಾನಿತಾ ಆರ್ಕೇರೊ ಎಂಬಾಕೆಯಿಂದ ಮಡಕೆ ಮಾಡುವುದನ್ನು ಕಲಿಯಹೊರಟರು, ಮಡಕೆಗಳೆಲ್ಲ ಸೊಟ್ಟಗಾಗುತ್ತಿದ್ದುವು. ಆಗ ಹ್ವಾನಿತಾ, ಬೊಂಬೆಗಳನ್ನು ಮಾಡಿ ನೋಡೆಂದು ಸೂಚಿಸಿದರು. ಬೊಂಬೆಗಳು ಕೈಗೆ ಒಲಿದುವು. ಸಾಂಟೊ ಡೊಮಿಂಗೊ ಗ್ರಾಮದ ಉತ್ಸವದಲ್ಲಿ ಅವನ್ನು ಕಂಡು ಕೊಂಡವನು ಅಲೆಗ್ಸಾಂಡರ್ ಗಿರಾರ್ಡ್ ಎಂಬ ವಾಸ್ತುವಿನ್ಯಾಸಕ. ನಾನಾ ದೇಶಗಳ ಜಾನಪದ ವಸ್ತುಗಳ ಮಹಾಸಂಗ್ರಾಹಕ. ಮಕ್ಕಳೊಡನೆ ಕುಳಿತ ಆಕೃತಿಯನ್ನು ಇನ್ನೂ ದೊಡ್ಡದಾಗಿ ಮಾಡಿಕೊಡಬೇಕೆಂದು ಅವನು ಕೇಳಿದನು. ಹೆಲನ್ ಯೋಚಿಸಿದಾಗ ಕಣ್ಣಿಗೆ ಬಂದವರು ತಮ್ಮ ಅಜ್ಜ ಸಾಂತಿಯಾಗೊ ಕಿಂತಾನಾ. ಅವರು ಕೋಚಿಟಿಯ ಹೆಸರಾಂತ ಕಥೆಗಾರರು. ಮೊಮ್ಮಕ್ಕಳು ಸದಾ ಅವರನ್ನು ಮುತ್ತಿರುತ್ತಿದ್ದರು. ಹೀಗೆ ತಾಯಿಯ ಸ್ಥಾನದಲ್ಲಿ ಅಜ್ಜನೂ, ಒಂದು ಕೂಸಿನ ಸ್ಥಾನದಲ್ಲಿ ಐದು ಮಕ್ಕಳೂ ಬಂದರು. ಕಥೆಗಾರನ ಕಣ್ಣು ಮುಚ್ಚಿರುತ್ತದೆ, ಬಾಯಿ ತೆರೆದಿರುತ್ತದೆ. ಹೆಗಲು, ತೊಡೆ, ತೋಳುಗಳಲ್ಲಿ ಮಕ್ಕಳು ತೂಗಿಕೊಂಡಿರುವರು. ಮುಂದೆ ಮಕ್ಕಳ ಸಂಖ್ಯೆಯು ಬೆಳೆಯುತ್ತ ಹೋಯಿತು.

ಸಾಹಿತ್ಯವನ್ನು ಬೋಧಿಸುವವರು ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯುಂಟು. ಈ ಸಾಂತಿಯಾಗೊ ಕಿಂತಾನಾ ಅವರೇ ಬ್ಯಾಂಡಲಿಯರ್ ಮೊದಲಾದ ವಿದ್ವಾಂಸರಿಗೆ ಕೋಚಿಟಿಯ ಐತಿಹ್ಯಗಳನ್ನು ಹೇಳಿದವರು. ರೂತ್ ಬೆನೆಡಿಕ್ಟ್ ಎಂಬ ಮಾನವಶಾಸ್ತ್ರಜ್ಞೆಯು 1931ರಲ್ಲಿ ಪ್ರಕಟಿಸಿದ ಕೋಚಿಟಿಯ ಕಥೆಗಳ ಸಂಗ್ರಹಕ್ಕೆ ಕಥೆಗಳನ್ನು ಕೊಟ್ಟವರಲ್ಲಿ ಅವರೂ ಒಬ್ಬರು. ಒಬ್ಬನೇ ಕಥೆಗಾರನು ಎರಡು ಬಗೆಯಾಗಿ ಸಂಗ್ರಹಿಸಲ್ಪಟ್ಟನು. ಪುಸ್ತಕದಲ್ಲಿ ಕಥೆಯು ಉಳಿಯಿತು, ಆದರೆ ಕೇಳುವ ಮಕ್ಕಳು ಮಾಯವಾದರು. ಮಣ್ಣಿನಲ್ಲಿ ಕಥೆಯು ಕೇಳಿಸದು, ಆದರೆ ಹೇಳುವವನೂ ಕೇಳುವವರೂ ಅವರ ನಡುವಣ ಸ್ಪರ್ಶವೂ ಉಳಿದುವು. ಮೌಖಿಕ ಸಾಹಿತ್ಯವೆಂದರೆ ಪಾಠವಲ್ಲ, ಸನ್ನಿವೇಶವೆಂಬುದನ್ನು ಆ ಬೊಂಬೆಯಷ್ಟು ಸ್ಪಷ್ಟವಾಗಿ ತಿಳಿಸುವ ಗ್ರಂಥವು ದುರ್ಲಭ. ಕೋಚಿಟಿಯ ಸಂಪ್ರದಾಯದಲ್ಲಿ ಕಥೆಯನ್ನು ಹೇಳುವವರು ಗಂಡಸರು. ಕಾರ್ಡೆರೊ ಅವರ ಅಭಿಪ್ರಾಯದಲ್ಲಿ ಕಥೆಗಾರನು ಅಜ್ಜನೇ ಆಗಿರಬೇಕು. ಇತರ ಅನೇಕರು ಹೆಣ್ಣಿನ ರೂಪದಲ್ಲಿಯೂ, ಕರಡಿ ಗೂಗೆಗಳ ರೂಪದಲ್ಲಿಯೂ ಅವನನ್ನು ಮಾಡಿದರು. 1980ರ ದಶಕದ ಹೊತ್ತಿಗೆ ಹಲವು ಪ್ವೆಬ್ಲೊಗಳಲ್ಲಿ 200ಕ್ಕೂ ಹೆಚ್ಚು ಮಂದಿ ಈ ಬೊಂಬೆಯನ್ನು ಮಾಡುತ್ತಿದ್ದರು. ಕಾರ್ಡೆರೊ ಅವರಿಗೆ 1986ರಲ್ಲಿ ರಾಷ್ಟ್ರದ ಪಾರಂಪರಿಕ ಕಲಾವಿದರ ಗೌರವವು ದೊರೆಯಿತು. ಗಿರಾರ್ಡನು 1978ರಲ್ಲಿ ಕೊಟ್ಟ ಲಕ್ಷಕ್ಕೂ ಮೀರಿದ ವಸ್ತುಗಳು ಸಾಂಟಾ ಫೇಯ ಅಂತರರಾಷ್ಟ್ರೀಯ ಜಾನಪದ ಕಲೆಯ ಸಂಗ್ರಹಾಲಯದಲ್ಲಿವೆ.

ಹಾಗಾದರೆ ಯಾವುದು ಸಾಂಪ್ರದಾಯಿಕ? 1964ರಲ್ಲಿ ಒಬ್ಬ ಸಂಗ್ರಾಹಕನ ಕೋರಿಕೆಯಿಂದ ಹುಟ್ಟಿದ ಬೊಂಬೆಗೆ ಆ ವಿಶೇಷಣವು ಸಲ್ಲುವುದೇ? ಸಂಗ್ರಾಹಕರ ಭಾಷೆಯಲ್ಲಿ ಸಂಪ್ರದಾಯವೆಂದರೆ ಪ್ರಾಚೀನತೆ. ಶಾಸ್ತ್ರಗಳಲ್ಲಿ ಆ ಶಬ್ದದ ಅರ್ಥವು ಹಾಗಲ್ಲ. 'ಸಂ', 'ಪ್ರ' ಎಂಬ ಉಪಸರ್ಗಗಳೊಡನೆ 'ದಾ' ಧಾತುವಿನಿಂದ ಬಂದ ಆ ಪದಕ್ಕೆ ಚೆನ್ನಾಗಿ ಕೊಡುವುದು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಒಪ್ಪಿಸುವುದೆಂದು ಅರ್ಥ. ಆ ದೃಷ್ಟಿಯಿಂದ ನೋಡಿದರೆ, ಹ್ವಾನಿತಾ ಅವರಿಂದ ಹೆಲನ್ ಅವರಿಗೆ, ಅವರಿಂದ ಮುಂದಿನವರಿಗೆ ಬಂದ ಕಥೆಗಾರನು ನಿಸ್ಸಂಶಯವಾಗಿ ಸಾಂಪ್ರದಾಯಿಕನು. ಹಳೆಯ ಬಣ್ಣದಂತೆ ಕಾಣುವಂತೆ ಕಾರ್ಖಾನೆಯಲ್ಲಿ ಎರೆದ ಬೊಂಬೆಯು, ಎಷ್ಟೇ ಪ್ರಾಚೀನ ರೂಪದ್ದಾಗಿದ್ದರೂ, ಹಾಗಲ್ಲ.

ಈ ಭೇದವನ್ನು ಕಂಡುಹಿಡಿಯಲು ಸಂಗ್ರಾಹಕರು ನೋಡುವ ಗುರುತುಗಳು ಕೆಲವುಂಟು. ಕೈಯಿಂದ ಕಟ್ಟಿದ ಒಡಲಿನ ಗೋಡೆಯು ಎಲ್ಲೆಡೆಯೂ ಒಂದೇ ದಪ್ಪವಿರದು. ಒಳಗೆ ಬೆರಳಿನ ಒತ್ತು ತಿಳಿಯುತ್ತದೆ. ಅಚ್ಚಿನಲ್ಲಿ ಎರೆದುದು ಹಗುರವಾಗಿ, ಸಮನಾಗಿ, ಕೆಲವೊಮ್ಮೆ ಜೋಡಣೆಯ ಗೆರೆಯೊಡನೆ ಇರುತ್ತದೆ. ಮಣ್ಣಿನ ಬಣ್ಣವು ಬೆಂಕಿಯಲ್ಲಿ ಒಡಲಿಗೆ ಹತ್ತಿಕೊಂಡಿರುತ್ತದೆ. ಸುಟ್ಟ ಮೇಲೆ ಬಳಿದ ಅಂಗಡಿಯ ಬಣ್ಣವು ಒದ್ದೆಯ ಬಟ್ಟೆಗೆ ಬಿಡುತ್ತದೆ. ಆದರೆ ತೆಸೂಕೆಯ ಹಳೆಯ ಮಳೆಯ ದೇವರುಗಳಿಗೆ ಈ ಕೊನೆಯ ಪರೀಕ್ಷೆಯು ಸಲ್ಲದು, ಏಕೆಂದರೆ ಅಲ್ಲಿ ಅಂಗಡಿಯ ಬಣ್ಣವೇ ರೂಢಿಯಾಗಿತ್ತು. ಪರೀಕ್ಷಿಸಹೋದವನು ವಸ್ತುವನ್ನೇ ಕೆಡಿಸಿಯಾನು. ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರು ಮಾಡಿದುದೆಂದು ಮಾರುವುದನ್ನು 1990ರ ಶಾಸನವು ಅಪರಾಧವೆಂದು ವಿಧಿಸಿ, ಮೊದಲ ಸಲಕ್ಕೇ 2,50,000 ಡಾಲರುಗಳವರೆಗಿನ ದಂಡವನ್ನೂ 5 ವರ್ಷಗಳವರೆಗಿನ ಸೆರೆಯನ್ನೂ ಗೊತ್ತುಮಾಡಿತು.

ಯಾವುದನ್ನು ಕೊಳ್ಳಬೇಕೆಂಬುದಕ್ಕಿಂತಲೂ ಯಾವುದನ್ನು ಕೊಳ್ಳಬಾರದೆಂಬುದು ಗುರುತರವಾದ ವಿಷಯ. ಝೂನಿ ಜನರಲ್ಲಿ 'ಅಹಯೂದಾ' ಎಂಬ ಯಮಳ ಯುದ್ಧದೇವತೆಗಳಿದ್ದಾರೆ. ಅವರ ಮೂರ್ತಿಗಳು ಮಣ್ಣಿನವಲ್ಲ, ಮರದವು. ಆದರೂ ಇಲ್ಲಿ ಅವುಗಳ ಪ್ರಸ್ತಾಪವು ಅವಶ್ಯಕ. ಕೆತ್ತಿದ ಮೂರ್ತಿಗಳನ್ನು ಬಯಲಿನ ಗುಡಿಯಲ್ಲಿಟ್ಟು ಗಾಳಿಮಳೆಗಳಿಗೆ ಬಿಡುವರು. ಅವು ಶಿಥಿಲವಾಗಿ ಮಣ್ಣಿಗೆ ಮರಳಬೇಕೆಂಬುದೇ ವಿಧಿ. ಮೃಣ್ಮಯ ಗಣಪತಿಯನ್ನು ನೀರಿಗೆ ಬಿಡುವವರಿಗೆ ಇದರ ತಾತ್ಪರ್ಯವನ್ನು ವಿವರಿಸಬೇಕಾದುದಿಲ್ಲ. ಇವನ್ನು ಗುಡಿಗಳಿಂದ ಎತ್ತಿಕೊಂಡು ಹೋಗಿ, ಮರದ ಶಿಲ್ಪವೆಂದು ಹೆಸರಿಟ್ಟು ಸಂಗ್ರಹಾಲಯಗಳಲ್ಲಿಯೂ ಮನೆಗಳಲ್ಲಿಯೂ ಇರಿಸಿದ್ದರು. 1978ರಲ್ಲಿ ಝೂನಿ ಜನರು ನ್ಯೂಯಾರ್ಕಿನ ಒಂದು ಹರಾಜಿನಿಂದ ಇಂಥದೊಂದನ್ನು ಹಿಂದಕ್ಕೆ ತೆಗೆಸಿದರು. 1980ರಲ್ಲಿ ಡೆನ್ವರ್ ಕಲಾಸಂಗ್ರಹಾಲಯವು ತನ್ನಲ್ಲಿದ್ದುವನ್ನು ಹಿಂದಿರುಗಿಸಿತು. ಮೂಲನಿವಾಸಿಗಳ ಅಸ್ಥಿಗಳನ್ನೂ ಪವಿತ್ರ ವಸ್ತುಗಳನ್ನೂ ಹಿಂದಕ್ಕೆ ಕೊಡಬೇಕೆಂಬ ಶಾಸನವು 1990ರಲ್ಲಿಯೂ, ಅಂಥವನ್ನು ದೇಶದಿಂದ ಹೊರಕ್ಕೆ ಸಾಗಿಸಬಾರದೆಂಬ ಶಾಸನವು 2022ರಲ್ಲಿಯೂ ಆದುವು. ದೇವರಲ್ಲದ ಬೊಂಬೆಯನ್ನು ದೇವರೆಂದು ಮಾರಿದವರೂ, ದೇವರಾದ ಮೂರ್ತಿಯನ್ನು ಬೊಂಬೆಯಂತೆ ಕಪಾಟಿನಲ್ಲಿಟ್ಟವರೂ ಒಂದೇ ಕಾಲದವರು, ಹಲವೆಡೆ ಒಂದೇ ಬಗೆಯ ಜನರು. ಎರಡು ಪ್ರಮಾದಗಳಿಗೂ ಮೂಲವು ಒಂದೇ: ಆ ವಸ್ತುವು ಏನೆಂಬುದನ್ನು ಅದನ್ನು ಮಾಡಿದವರಿಂದ ಕೇಳಿ ಬರೆದುಕೊಳ್ಳದೆ ಇದ್ದುದು.

ಹಳೆಯ ಮೋನೊಗಳ ಚೀಟಿಗಳಲ್ಲಿ ಗ್ರಾಮದ ಹೆಸರು, ಕೊಂಡ ವರ್ಷ, ಮಾರಿದ ವ್ಯಾಪಾರಿಯ ಹೆಸರುಗಳಿರುತ್ತವೆ. ಮಾಡಿದವಳ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಈ ಲೋಪವನ್ನು ಈಗ ತುಂಬುವುದು ದುಸ್ಸಾಧ್ಯ. ಆದರೆ 2022ರಲ್ಲಿ ಸಾಂಟಾ ಫೇಯಲ್ಲಿಯೂ, ಮರುವರ್ಷ ನ್ಯೂಯಾರ್ಕಿನಲ್ಲಿಯೂ ನಡೆದ ಪ್ವೆಬ್ಲೊ ಮೃತ್ಕಲೆಯ ಪ್ರದರ್ಶನವೊಂದರಲ್ಲಿ ವಸ್ತುಗಳನ್ನು ಆರಿಸಿ ಅವುಗಳ ವಿಷಯವಾಗಿ ಬರೆದವರು ಆಯಾ ಗ್ರಾಮದವರೇ. ಕೋಚಿಟಿಯ ವರ್ಜಿಲ್ ಆರ್ಟೀಸ್ ಎಂಬ ಕಲಾವಿದರು 1969ರಲ್ಲಿ ಹುಟ್ಟಿದವರು. ತಾಯಿ ಸೆಫೆರೀನಾ ಆರ್ಟೀಸ್ ಮತ್ತು ಅಜ್ಜಿ ಲಾರೆನ್ಸೀತಾ ಹೆರೇರಾ ಇಬ್ಬರೂ ಬೊಂಬೆ ಮಾಡುವವರು. ಎಳೆಯ ವಯಸ್ಸಿನಲ್ಲಿ ಅವರು ವಿಚಿತ್ರ ರೂಪದ ಬೊಂಬೆಗಳನ್ನು ತಮ್ಮಷ್ಟಕ್ಕೆ ಮಾಡುತ್ತಿದ್ದಾಗ, ಒಬ್ಬ ಸಂಗ್ರಾಹಕನು ತನ್ನಲ್ಲಿದ್ದ 19ನೆಯ ಶತಮಾನದ ಮೋನೊಗಳನ್ನು ತೋರಿಸಿದನು. ತಾವು ಹೊಸದೆಂದು ಮಾಡಿದುದನ್ನು ತಮ್ಮ ಗ್ರಾಮದ ಹೆಂಗಸರು ನೂರು ವರ್ಷಗಳ ಹಿಂದೆಯೇ ಮಾಡಿದ್ದರೆಂಬುದು ಅವರಿಗೆ ಆಗ ತಿಳಿಯಿತು. ಅಂದಿನಿಂದ ಅವರು ಮೋನೊಗಳನ್ನೇ ಮಾಡುತ್ತ ಬಂದಿದ್ದಾರೆ. ಅದೇ ಬಿಳಿಯ ಲೇಪ, ಅದೇ ಗ್ವಾಕೊ ಗಿಡದ ಕಪ್ಪು. ರೂಪಗಳು ಮಾತ್ರ ಇಂದಿನ ನಗರಗಳ ಬೀದಿಯಲ್ಲಿ ಕಾಣುವ ಜನರವು.